ಎರಡನೇ ದರ್ಜೆಯ ತುಪ್ಪ

ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಪುಟ್ಟಿಗೆ,

ನಿನ್ನ ಅಣ್ಣನ ಆಶೀರ್ವಾದಗಳು. ನಾನು ಕ್ಷೇಮ. ಮಂಡಿನೋವು ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದ್ದೇನೆ. ನೀನು ಬಾಟಲಿಗಳನ್ನು ಕಳಿಸಿ ಒಂದೂವರೆ ತಿಂಗಳಾಯಿತು. ನೀನೇ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನಾನು "ಬರೀತೀನಿ, ಬರೀತೀನಿ" ಅಂದೆ. ಮೊನ್ನೆ ನೀನು "ಅಣ್ಣಾ, ನಾನು ತುಪ್ಪ ನೋಡು ಅಂದ್ನಾ, ತುಪ್ಪದ ಮೇಲೆ ಪುಸ್ತಕ ಬರಿ ಅಂದ್ನಾ?" ಎಂದು ರೇಗಿದ್ದು ನ್ಯಾಯವೇ. ತಪ್ಪು ನನ್ನದು. ಬೈದುಕೊಂಡೇ ಓದು.

ನಿಮ್ಮ ಅತ್ತೆ-ಸೊಸೆಯರ ಜಗಳ ಕೇಳಿ ನನಗಂತೂ ನಗು ಬಂತು. ಅಂಗಡಿಯಲ್ಲಿ ಒಳ್ಳೆಯ ತುಪ್ಪ ಸಿಗುವಾಗ ಎಂಟು ದಿನ ಕೆನೆ ಕೂಡಿಡುವ ಕರ್ಮ ಯಾಕೆ ಎಂದು ನಿನ್ನ ಸೊಸೆ, ಮನೆ ತುಪ್ಪದ ಮುಂದೆ ಅದು ಯಾವ ಲೆಕ್ಕ ಎಂದು ನೀನು. ಕೆಂಪು ಮುಚ್ಚಳದ ಬಾಟಲಿಯಲ್ಲೊಂದು, ನೀಲಿ ಮುಚ್ಚಳದ್ದರಲ್ಲೊಂದು ತುಂಬಿ, ಯಾವುದು ಯಾವುದೆಂದು ಹೇಳದೆ ನನ್ನ ಕೈಗೆ ತಕ್ಕಡಿ ಕೊಟ್ಟುಬಿಟ್ಟಿರಿ. "ಮೂವತ್ತೊಂದು ವರ್ಷ ಡೇರಿಯಲ್ಲಿ ತುಪ್ಪ ಮೂಸಿದ ಮೂಗು. ಮಾವ ಹೇಳಿದ್ದೇ ಕೊನೇ ಮಾತು" ಎಂದು ಸೊಸೆಯೂ ಒಪ್ಪಿದ್ದಾಳೆ ಅಂದೆ ನೀನು. ದೊಡ್ಡ ಗೌರವ, ಮಹರಾಯ್ತಿ.

ಸರಿ, ಕೇಳು. ನೀಲಿ ಮುಚ್ಚಳದ್ದು ನಿನ್ನದು. ಹೌದೋ ಅಲ್ಲವೋ? ಅಂಗಡಿಯದ್ದರ ಹರಳು ಜರಡಿ ಹಿಡಿದ ರವೆಯ ಹಾಗೆ ಒಂದೇ ಅಳತೆ. ನಿನ್ನದರಲ್ಲಿ ದಪ್ಪ, ಸಣ್ಣ ಎಲ್ಲ ಕಲೆಸಿಕೊಂಡಿದೆ, ತಳದಲ್ಲಿ ನಾಲ್ಕು ಕಂದು ಚೂರು ಬೇರೆ. ಸೋಸುವಾಗ ಅವಸರ ಮಾಡಿದ್ದೀಯೆ. ಚಿಕ್ಕಂದಿನಿಂದ ನಿನಗೆ ಅದೊಂದು ರೋಗ. ಅಂಗೈ ಮೇಲಿಟ್ಟರೆ ಎರಡೂ ತಡಮಾಡದೆ ಕರಗಿದವು, ಎರಡರಲ್ಲೂ ಜಿಗುಟಿಲ್ಲ. ಅಂಗಡಿಯದ್ದೆಲ್ಲ ಕೆಟ್ಟದ್ದೆಂದು ಸೊಸೆಯ ಮೇಲೆ ಹಾರಾಡಬೇಡ. ತಾರೀಕು ನೋಡಿ ಕೊಳ್ಳಲಿ, ಅರಿಸಿನದಂಥ ಬಣ್ಣಕ್ಕೆ ಮರುಳಾಗದಿರಲಿ. ಮುಚ್ಚಳ ತೆಗೆದೊಡನೆ ಘಮ್ಮೆಂದು ಮುಖಕ್ಕೇ ಬಡಿದರೆ ಅನುಮಾನ ಪಡಲಿ, ಒಳ್ಳೆಯ ತುಪ್ಪಕ್ಕೆ ಅಷ್ಟು ಬಾಯಿ ಇರುವುದಿಲ್ಲ. ಆದರೂ ಗೆದ್ದವಳು ನೀನೇ. "ನೀಲಿ ಮುಚ್ಚಳ, ಮೊದಲ ದರ್ಜೆ" ಎಂದು ಹಳೇ ಅಭ್ಯಾಸದಂತೆ ಚೀಟಿ ಬರೆದು, ಸಹಿ ಹಾಕಿ, ಇದರ ಜೊತೆ ಇಟ್ಟಿದ್ದೇನೆ.

ನಿನ್ನ ಅತ್ತಿಗೆ ಇದ್ದಿದ್ದರೆ ಈ ಚೀಟಿ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಅವಳ ತುಪ್ಪಕ್ಕೆ ನಾನು ಒಂದು ದಿನವೂ ಮೊದಲ ದರ್ಜೆ ಕೊಡಲಿಲ್ಲವಲ್ಲ. ಬೆಣ್ಣೆಯ ಚಟಪಟ ನಿಂತ ಮೇಲೂ ಅವಳು ಒಂದು ನಿಮಿಷ ಹೆಚ್ಚಿಗೆ ಕಾಯಿಸುತ್ತಿದ್ದಳು, ಬೇಕೆಂದೇ. ನಾನು ಬೆರಳಿಗೆ ಹಚ್ಚಿಕೊಂಡು ಮೂಸಿ "ಹದ ಮೀರಿದೆ, ಎರಡನೇ ದರ್ಜೆ" ಅನ್ನುವುದು, ಅವಳು "ನಿಮ್ಮ ದರ್ಜೆ ಕಟ್ಕೊಂಡು ನನಗೇನಾಗ್ಬೇಕು? ಊಟಕ್ಕೆ ಕೂತಾಗ ಮೂರು ಸಲ ಕೇಳಿ ಹಾಕಿಸ್ಕೊಳ್ತೀರಲ್ಲ" ಅನ್ನುವುದು, ಪ್ರತಿ ಶನಿವಾರ ಇದೇ.

ನಿನಗೆ ಗೊತ್ತು, ನನ್ನ ಕೆಲಸದ ದೆಸೆಯಿಂದ ನಮ್ಮ ಮನೆಗೆ ಘಮದ ಸೋಪು ಬರಲಿಲ್ಲ, ಪೌಡರ್ ಬರಲಿಲ್ಲ, ಬೆಳಗಿನ ಅಡುಗೆಗೆ ಈರುಳ್ಳಿ ಬೀಳಲಿಲ್ಲ. "ನಾನು ಮದುವೆ ಆಗಿದ್ದು ಒಂದು ಮೂಗನ್ನ. ಅದರ ಹಿಂದೆ ಒಬ್ಬ ಗಂಡಸು ಸುಮ್ನೆ ನಿಂತಿದಾನೆ" ಎಂದು ಅವಳು ನಿನ್ನ ಹತ್ತಿರವೇ ಎಷ್ಟು ಸಲ ಹೇಳಿಲ್ಲ! ಹೀಗಾಗಿ ನಮ್ಮ ಮನೆಗೆ ಇದ್ದ ವಾಸನೆಯೆಂದರೆ ಅವಳು ಶನಿವಾರ ಕಾಯಿಸುತ್ತಿದ್ದ ತುಪ್ಪದ್ದು. ಆಸ್ಪತ್ರೆ ಸೇರುವ ಮೊದಲು ಕಡೇ ಸಲ ಕಾಯಿಸಿ ನಿನಗೊಂದು ಬಾಟಲಿ ಕಳಿಸಿ ನಮಗೊಂದು ಇಟ್ಟುಕೊಂಡಳು.

ಇಲ್ಲಿ ಬೇರೆ ವಿಶೇಷವೇನಿಲ್ಲ. ಕೆಳಗಿನ ಅಂಗಡಿಯ ಟೈಲರಮ್ಮನ ಮಿಷನ್ನು ಸಂಜೆ ಏಳಕ್ಕೆ ನಿಲ್ಲುತ್ತದೆ, ಆಮೇಲೆ ನನಗೆ ನನ್ನ ಚಪ್ಪಲಿ ಸದ್ದೇ ಜೊತೆ. ನಿನ್ನ ಬಾಟಲಿ ಬರುವ ಹಿಂದಿನ ವಾರ ಒಂದು ತಮಾಷೆಯಾಯಿತು. ಒಲೆ ಮೇಲೆ ಹಾಲಿಟ್ಟು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ಟೈಲರಮ್ಮ ಮೆಟ್ಟಿಲು ಹತ್ತಿ ಓಡಿಬಂದು "ಏನ್ ಸಾರ್, ಮನೆಗೆ ಬೆಂಕಿ ಹಚ್ಬೇಕು ಅಂತಿದೀರಾ? ಬೀದಿಗೆಲ್ಲ ಸೀದ ವಾಸನೆ!" ಎಂದು ಕೂಗಿಕೊಂಡಳು. ನೋಡಿದರೆ ಪಾತ್ರೆ ಕರ್ರಗೆ ಇದ್ದಿಲಾಗಿತ್ತು. ಪೇಪರಿನಲ್ಲಿ ಮುಳುಗಿಹೋಗಿದ್ದೆ ಎಂದು ನಕ್ಕು ಕಳಿಸಿದೆ.

ಸೊಸೆಗೆ ನನ್ನ ಆಶೀರ್ವಾದ ತಿಳಿಸು, ಸೋತಳೆಂದು ಆಡಿಕೊಳ್ಳಬೇಡ. ನೀನು ಮಾತ್ರೆ ತಪ್ಪಿಸಬೇಡ. ನಿಮ್ಮ ಮನೆಯ ಒಲೆ, ಜಗಳ ಎರಡೂ ಆರದೆ ಇರಲಿ.

ಇಂತು ನಿನ್ನ
ಅಣ್ಣ

ಮರೆತ ಮಾತು: ಮರೆತದ್ದಲ್ಲ ಪುಟ್ಟಿ, ಬಚ್ಚಿಟ್ಟದ್ದು. ಆ ಚೀಟಿ ಹರಿದುಹಾಕು. ನಿನ್ನ ಬಾಟಲಿಗಳನ್ನು ನಾನು ಕಣ್ಣಿನಿಂದ ನೋಡಿದೆ, ಮೂಸಲಿಲ್ಲ. ಮೂಸಲು ನನಗೆ ಬರುತ್ತಿಲ್ಲ. ಚಳಿಗಾಲದಲ್ಲಿ ನನಗೆ ಬಂದಿತ್ತಲ್ಲ, ಆ ಜ್ವರದಲ್ಲಿ ಹೋಗಿರಬೇಕು, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಮೂಸದೆ ಒಂದು ಡಬ್ಬಿಯನ್ನೂ ಪಾಸು ಮಾಡದವನು ನಿನಗೆ ಸುಳ್ಳು ಸಹಿ ಹಾಕಿ ಕೊಟ್ಟೆ.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನಿನ್ನ ಅತ್ತಿಗೆ ಹೋಗಿ ವರ್ಷ ತುಂಬಿದ ದಿನ, ಮುಟ್ಟದೆ ಇಟ್ಟಿದ್ದ ಅವಳ ಕಡೇ ತುಪ್ಪದ ಬಾಟಲಿಯ ಮುಚ್ಚಳ ತೆಗೆದೆ. ಏನೂ ಬರಲಿಲ್ಲ. ಕೈ ಮೇಲೆ ಉಜ್ಜಿದೆ, ನಾಲಿಗೆಗಿಟ್ಟೆ, ಮೇಣದ ಹಾಗಿತ್ತು. ವಾಸನೆ ಸತ್ತ ತುಪ್ಪ ತಿರಸ್ಕೃತ ಎಂದು ಎಷ್ಟು ಸಾವಿರ ಸಲ ಬರೆದಿಲ್ಲ ನಾನು! ಕೆಟ್ಟುಹೋಯಿತೆಂದು ಅಷ್ಟನ್ನೂ ಚೆಲ್ಲಿ, ಬಿಸಿನೀರು ಹಾಕಿ ಬಾಟಲಿ ತೊಳೆದಿಟ್ಟೆ. ಇಷ್ಟು ವರ್ಷದಲ್ಲಿ ನನ್ನ ಮೂಗಿನ ಮೇಲೆ ನನಗೆ ಅನುಮಾನ ಬಂದದ್ದಿಲ್ಲ, ಅವಳ ತುಪ್ಪದ ಮೇಲೆ ಬಂತು. ಹನ್ನೆರಡು ದಿನ ಬಿಟ್ಟು ಹಾಲು ಸೀದಾಗ ಗೊತ್ತಾಯಿತು, ತುಪ್ಪ ಚೆನ್ನಾಗಿಯೇ ಇದ್ದಿರಬೇಕು.

ನಿನಗೆ ಕಳಿಸಿದ ಬಾಟಲಿಯಲ್ಲಿ ಒಂದು ಚಮಚವಾದರೂ ಉಳಿದಿದೆಯೇ? ನನಗೆ ಕಳಿಸಬೇಡ, ಈ ಕೈಗೆ ಬಂದು ಉಪಯೋಗವಿಲ್ಲ. ಒಂದು ಹನಿ ಕೈ ಮೇಲೆ ಹಾಕಿಕೊಂಡು ಉಜ್ಜಿ, ಮೂಸಿ, ಹೇಗಿದೆ ಎಂದು ನನಗೆ ಬರಿ. ದರ್ಜೆ ಬೇಡ. ಸ್ವಲ್ಪ ಉದ್ದಕ್ಕೇ ಬರಿ, ಪುಟ್ಟಿ.