ನಿಮ್ಮವ್ವನಿಗೆ ಎರಡು ಸಲ ಊಟ

ಖರಾಡಿ, ಪುಣೆ
೧೬ ನವೆಂಬರ್ ೨೦೨೫

ಚಿರಂಜೀವಿ ವಿಕ್ರಮನಿಗೆ,

ಮಸ್ಕತ್ತಿನಲ್ಲಿ ಬಿಸಿಲು ಇಳಿಯಿತೇ? ಸೊಸೆ ಇಂದೂಳ ಮೊಣಕಾಲು ಹೇಗಿದೆ? ನಿನ್ನ ಹೊಟ್ಟೆ ನನ್ನ ಮಾತು ಕೇಳುವುದಿಲ್ಲ ಅಂತ ಗೊತ್ತು, ಡಾಕ್ಟರ ಮಾತನ್ನಾದರೂ ಕೇಳುತ್ತದೆಯೇ? ನನ್ನದೇನು, ಊಟ ಆಗುತ್ತದೆ, ನಿದ್ದೆ ಆಗುತ್ತದೆ. ಆಗುತ್ತದೆ ಅಷ್ಟೇ, ರುಚಿ ಕೇಳಬೇಡ. ಫೋನ್ ಬಿಟ್ಟು ಪತ್ರ ಯಾಕೆ ಅಂದರೆ, ನನ್ನ ಫೋನಿಗೆ ಬರುವುದನ್ನೆಲ್ಲ ನಿನ್ನ ಮಗಳೇ ಓದಿ ಹೇಳುವುದು. ಪಕ್ಕದ ಮನೆಯ ಮನೋಹರ ಇವತ್ತು ಮಸ್ಕತ್ತಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಕೇತಕಿಯ ಓದು ನಡೆದಿದೆ. ಶಿವಾಜಿನಗರದ ಕಾಲೇಜಿನಲ್ಲಿ ಅವಳು ಡಿಗ್ರಿ ಮುಗಿಸಿದಾಗ ನಾನು, "ಬಿಬಿಎ ಆತು, ಇನ್ನ ಅಬ್ಬಬ್ಬಾ ಅನ್ನೂದು ಬಾಕಿ ಉಳೀತು" ಅಂದಿದ್ದೆ. ಅದು ಈಗ ಬಂದಿದೆ. ಆಫೀಸಿನಲ್ಲಿ ಇಷ್ಟು ವರ್ಷ ಪ್ರಾಜೆಕ್ಟ್ ನಡೆಸಿದವಳು ಇವಳು, ಹೆಸರು ಬೇರೆಯವರದು. ಪಿಎಂಪಿ ಎಂಬ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆ ಪಾಸಾದರೆ ಮ್ಯಾನೇಜರ್ ಕುರ್ಚಿ ಇವಳದು; ಇಲ್ಲದಿದ್ದರೆ ಜನವರಿಗೆ ಬೇರೆಯವರು ಕೂರುತ್ತಾರೆ. ಪಿಎಂಪಿ ಅಂದರೆ ನನಗೆ ಪುಣೆಯ ಸಿಟಿ ಬಸ್ಸು ಮಾತ್ರ ಗೊತ್ತು. "ನನ್ನ ಪಿಎಂಪಿಗೆ ಪಾಸ್ ತೋರಿಸಿದ್ರ ಸಾಕು, ನಿನ್ನ ಪಿಎಂಪಿಗೆ ಪಾಸ್ ಆಗಬೇಕಲ್ಲವಾ" ಅಂದೆ. ಮೊದಲಾಗಿದ್ದರೆ "ಅಜ್ಜಾ, ಸಾಕ್ ಮಾಡ" ಅಂತ ದಿಂಬು ಒಗೆಯುತ್ತಿದ್ದಳು. ಈಗ ತಲೆ ಎತ್ತದೆ "ಹೂಂ" ಅಂದಳು. ನಾನೂ ನಗಲಿಲ್ಲ. ನಿಮ್ಮವ್ವ ಹೋದಾಗಿನಿಂದ ನಾನು ಜೋಕು ಹೇಳುವುದು ಹಲ್ಲುಜ್ಜಿದ ಹಾಗೆ, ರೂಢಿಗೆ.

ಹೋದ ವರ್ಷ ನೆನಪಿದೆಯಲ್ಲ. ಇದೇ ಪರೀಕ್ಷೆಯ ಹೊತ್ತಿಗೆ ನಿಮ್ಮವ್ವ ಆಸ್ಪತ್ರೆಯಲ್ಲಿದ್ದಳು. "ಪರೀಕ್ಷಾ ಬಿಟ್ಟು ನನ್ನ ಬಾಜೂಕ ಕೂತಿ ಅಂದ್ರ ನಾ ಎದ್ದು ಮನೀಗೆ ಹೋಗ್ತೀನಿ ನೋಡ" ಅಂತ ಕೇತಕಿಯನ್ನು ಗದರಿಸಿದ್ದಳು. ಕೇತಕಿ ಪರೀಕ್ಷೆ ಬಿಟ್ಟಳು. ಅಜ್ಜಿ ಮನೆಗೆ ಬರಲಿಲ್ಲ. ಆಮೇಲೆ ಅಡುಗೆಯವರು, ಭಟ್ಟರು, ಧಾರವಾಡದಿಂದ ಬಂದವರ ಹಾಸಿಗೆ, ಎಲ್ಲವನ್ನೂ ಹುಡುಗಿ ಒಂದು ಹನಿ ಕಣ್ಣೀರಿಲ್ಲದೆ ನೋಡಿಕೊಂಡಳು. ಇನ್ನೂ ಹಾಗೇ ಇದ್ದಾಳೆ.

ಈ ಸಲ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಯಾವ ದಿನ ಏನು ಅಡ್ಡಿ ಬರಬಹುದು ಅಂತ ಬರೆದಿದ್ದಾಳೆ. ಅಜ್ಜಿ ಹೋದ ತಾರೀಖು ಹಿಡಿದು ವರ್ಷದ ಶ್ರಾದ್ಧ ಡಿಸೆಂಬರ್ ಐದು ಅಂತ ಅವಳ ಲೆಕ್ಕ. ಅದಕ್ಕೆ ಮೊದಲೇ ಮುಗಿಯಲಿ ಅಂತ ಪರೀಕ್ಷೆ ನವೆಂಬರ್ ಇಪ್ಪತ್ನಾಲ್ಕು. ನೀನೂ ಅದೇ ಲೆಕ್ಕದಲ್ಲಿ ಡಿಸೆಂಬರಿಗೆ ಟಿಕೆಟ್ ತೆಗೆಸಿದೆ. ಅಪ್ಪ-ಮಗಳಿಬ್ಬರೂ ಇಂಗ್ಲಿಷ್ ತಾರೀಖು ಹಿಡಿದಿರಿ. ಶ್ರಾದ್ಧ ನಡೆಯುವುದು ತಿಥಿಯ ಮೇಲೆ ಅಲ್ಲವೇನೋ! ನಿಮ್ಮವ್ವ ಹೋದದ್ದು ಮಾರ್ಗಶಿರ ಶುದ್ಧ ಚೌತಿ. ಆ ಚೌತಿ ಈ ವರ್ಷ ಮುಂಚೆಯೇ ಬರುತ್ತದೆ, ಸರಿಯಾಗಿ ಇಪ್ಪತ್ನಾಲ್ಕಕ್ಕೇ. ಕೇತಕಿಗೆ ಗೊತ್ತಾದರೆ ಮತ್ತೆ ಪರೀಕ್ಷೆ ಬಿಡುತ್ತಾಳೆ.

ಅದಕ್ಕೇ ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರ್ ಇಳಿಸಿ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಕೇಳಿದಾಗ, ಅದರ ಹಿಂದೆ ಹಲ್ಲಿ ಸಂಸಾರ ಹೂಡಿತ್ತು ಅಂದೆ. ಕೇತಕಿ ಫೋನ್ ಮಾಡಿದರೆ ಡಿಸೆಂಬರ್ ಐದು ಅಂತಲೇ ಹೇಳಿ ಅಂತ ಅವಧೂತ ಭಟ್ಟರಿಗೂ ಗಂಟುಬಿದ್ದೆ. "ರಾಯರ, ಸುಳ್ಳ ಹೇಳಸ್ತೀರಲ್ರಿ!" ಅಂದರು. "ಸುಳ್ಳಲ್ರಿ ಭಟ್ಟರ, ಬರೇ ಚ್ಯಾಷ್ಟಿ. ಆಕೀಗೂ ಎರಡ ಸಲ ಊಟ, ನಿಮಗೂ ಎರಡ ಸಲ" ಅಂದೆ. ಒಪ್ಪಿದರು. ಚೌತಿಗೆ ಮಠದಲ್ಲಿ ಶ್ರಾದ್ಧ. ಐದಕ್ಕೆ ಮನೆಯಲ್ಲಿ ಬರೇ ನೈವೇದ್ಯ, ಊಟ, ನೀವೆಲ್ಲ.

ಕ್ಯಾಲೆಂಡರ್ ಬಚ್ಚಿಡುವಾಗ ಒಂದಾಯಿತು. ನನ್ನ ಎಲ್ಲ ಚೇಷ್ಟೆಗೂ ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದವಳು ನಿಮ್ಮವ್ವನೇ. ತಿರುಗಿ ನೋಡದೆ, "ಬಂದ್ಲೇನ ನೋಡ" ಅಂದುಬಿಟ್ಟೆ. ತಿರುಗಿದರೆ ಬಾಗಿಲು ಖಾಲಿ. ಅಳು ಬರುತ್ತದೇನೋ ಅಂತ ಕಾದೆ. ಬರಲಿಲ್ಲ. ಡಬ್ಬಿ ಸರಿಸಿ ಚಹಾಕ್ಕೆ ಇಟ್ಟೆ.

ಇಂದೂಳ ಮೊಣಕಾಲಿಗೆ ಎಣ್ಣೆ, ನಿನ್ನ ಹೊಟ್ಟೆಗೆ ಬುದ್ಧಿ, ಇಬ್ಬರಿಗೂ ನನ್ನ ಆಶೀರ್ವಾದ.

ನಿನ್ನ ಅಪ್ಪ,
ಪ್ರಲ್ಹಾದ

ತಾ.ಕ.: ಮನೋಹರ ಬಾಗಿಲಲ್ಲಿ ನಿಂತಿದ್ದಾನೆ, ಅಸಲು ಮಾತು ಈಗ. ಮಗ ಇರುವಾಗ ಗಂಡ ಶ್ರಾದ್ಧಕ್ಕೆ ಕೂಡಬೇಕಾದರೆ ಮಗನ ಒಪ್ಪಿಗೆ ಬೇಕು ಅನ್ನುತ್ತಾರೆ ಭಟ್ಟರು. ಮಾತಾಡಲು ಹೋಗಬೇಡ, ಫೋನ್ ಕೇತಕಿ ಎತ್ತುತ್ತಾಳೆ. ಒಪ್ಪಿದರೆ ಒಂದು ಮಿಸ್ಡ್ ಕಾಲ್ ಕೊಡು. ಒಪ್ಪದಿದ್ದರೆ ಮಗಳಿಗೆ ನೀನೇ ಹೇಳು, ನನ್ನ ಬಾಯಿಂದ ಆಗುವುದಿಲ್ಲ. ನಿಮ್ಮವ್ವನನ್ನು ಕೇಳುವುದೇನೂ ಉಳಿದಿಲ್ಲ. ಆಕೆ ಹೋದ ವರ್ಷವೇ ಹೇಳಿ ಹೋಗಿದ್ದಾಳೆ.