ಕುತ್ತಿಗೆಯೋ ಪ್ರಾಣವೋ

ಥಾರ್ನ್‌ಸ್ಟೇತ್, ನಾರ್ಫೋಕ್
೨ ಫೆಬ್ರವರಿ ೧೯೫೪, ಮಂಗಳವಾರ

ಪ್ರೀತಿಯ ತಮ್ಮ ಕ್ರಿಸ್ಪಿನ್‌ಗೆ,

ನಿನ್ನ ಕೆಮ್ಮು ಹೇಗಿದೆ? ನಾನು ಹೆಣೆದು ಕಳಿಸಿದ ಉಣ್ಣೆಯ ಬನಿಯನ್ನನ್ನು ಮೈಗೆ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಕಿಟಕಿಯ ಸಂದಿಗೆ ತುರುಕಿದ್ದೀಯೋ? ಕೇಂಬ್ರಿಜ್‌ನ ನಿನ್ನ ವಿದ್ವಾಂಸರು ಊಟಕ್ಕೆ ಕೂತಾಗಲಾದರೂ ವ್ಯಾಕರಣ ಬಿಟ್ಟು ಉಪ್ಪು, ಬೆಣ್ಣೆ ಕಡೆ ನೋಡುತ್ತಾರೆ ಎಂದುಕೊಂಡಿದ್ದೇನೆ. ನನ್ನ ಆರೋಗ್ಯ ಕೇಳುವವರಿಲ್ಲ, ಆದರೂ ಹೇಳುತ್ತೇನೆ: ಮಂಡಿ ಹಿಡಿದುಕೊಂಡಿದೆ, ಉಳಿದದ್ದೆಲ್ಲ ನೆಟ್ಟಗಿದೆ. ಅಡುಗೆಮನೆಯ ಒಲೆ ಮತ್ತೆ ಹೊಗೆ ಉಗುಳುತ್ತಿದೆ. ಹೋದ ವರ್ಷ ಸಮುದ್ರ ಒಳಗೆ ಬಂದಾಗ ಅದರ ಹೊಟ್ಟೆಗೆ ಸೇರಿದ ಮರಳು ಇನ್ನೂ ಪೂರ್ತಿ ಹೋಗಿಲ್ಲ.

ನಿನ್ನ ಕಾಗದ ಶುಕ್ರವಾರ ಬಂತು. ಆ ಮುಳುಗುವವನ ಕೀರ್ತನೆಯಲ್ಲಿ ನೀರು ಬಂದದ್ದು 'ಪ್ರಾಣದವರೆಗೆ' ಎನ್ನಬೇಕೋ 'ಕುತ್ತಿಗೆಯವರೆಗೆ' ಎನ್ನಬೇಕೋ ಎಂದು ನಿಮ್ಮ ಬೈಬಲ್ ಅನುವಾದದ ಮಂಡಳಿಯಲ್ಲಿ ಯುದ್ಧವೇ ನಡೆದಿದೆಯಂತೆ. ಹೀಬ್ರೂವಿನಲ್ಲಿ ಎರಡಕ್ಕೂ ಒಂದೇ ಶಬ್ದವಂತೆ. ಕುತ್ತಿಗೆ ಎಂದು ಬರೆದವನು ನೀನೊಬ್ಬನೇ, ಈಗ ನಿನಗೇ ಅನುಮಾನ ಹತ್ತಿದೆಯಂತೆ. ಇಷ್ಟೆಲ್ಲ ವಿಸ್ತಾರವಾಗಿ ಬರೆದು, ಕಡೆಯಲ್ಲಿ ಬಾಲದ ಹಾಗೆ ಒಂದು ಸಾಲು: 'ಭಾನುವಾರಕ್ಕೆ ಬರಲಾಗದು, ಅಕ್ಕಾ, ಹೇಗಾದರೂ ಸಂಭಾಳಿಸು.' ಜೊತೆಗೆ ನಿನ್ನ ಕೋಳಿಕಾಲಿನ ಕೈಬರಹದ ಆ ಕೀರ್ತನೆ. ಇದೊಂದೇ ಪ್ರತಿ, ಜೋಪಾನ, ಟೈಪು ಮಾಡಿ ಕೂಡಲೇ ವಾಪಸು ಕಳಿಸು ಎಂಬ ಅಪ್ಪಣೆ ಬೇರೆ. ತಮ್ಮಾ, ಪ್ರವಾಹ ಬಂದು ವರ್ಷ ತುಂಬಿದ ಭಾನುವಾರ ಅದು! ಸತ್ತವರ ಹೆಸರು ಹಿಡಿದು ಪ್ರಾರ್ಥನೆ ಮಾಡಿಸುತ್ತೇನೆಂದು ಮನೆಮನೆಗೆ ಹೋಗಿ ಮಾತು ಕೊಟ್ಟವನು ನೀನು. ನಿಮಗೆ ಅಲ್ಲಿ ಪದದಲ್ಲಿ ಬಂದ ನೀರು ನನಗೆ ಇಲ್ಲಿ ನಿಜವಾಗಿ ಕುತ್ತಿಗೆಗೆ ಬಂದಿತ್ತು.

ನೀನು ಈ ಅನುವಾದದ ಕೆಲಸ ಯಾಕೆ ಹಿಡಿದೆ ಎಂಬುದು ನನಗೆ ಮರೆತಿಲ್ಲ. ಯುದ್ಧಕಾಲದ ಆಸ್ಪತ್ರೆಯಲ್ಲಿ ಕಾಲು ಕಳಕೊಂಡ ಸೈನಿಕನಿಗೆ ನೀನು ವಾಕ್ಯ ಓದುತ್ತಿದ್ದಾಗ ಅವನು "ಪಾದ್ರಿಗಳೇ, ಚೆನ್ನಾಗೈತೆ, ಆದ್ರೆ ಹಂಗಂದ್ರೇನು?" ಎಂದನಂತೆ. ನಿನಗೆ ಹೇಳಲು ಬರಲಿಲ್ಲವಂತೆ. ಅಂದಿನಿಂದ ಮನೆಯ ಮೇಜು, ಮಂಚ, ಮೆಟ್ಟಿಲು ಎಲ್ಲದರ ಮೇಲೂ ಶಬ್ದಕೋಶ. ಅದಕ್ಕೆ ಮುಂಚೆ ಕಾದಂಬರಿ ಬರೆಯುವ ಹುಚ್ಚು. ಅದರಲ್ಲಿನ ಜುಗ್ಗ ತಾನೇ ಎಂದು ತಿಳಿದು, ಚರ್ಚಿನ ಬೀಗದಕೈ ಕಾಯುವ ನಮ್ಮ ಗೂಚ್ ಒಂದಿಡೀ ಬೇಸಿಗೆ ನನಗೆ ಮೊಟ್ಟೆ ಮಾರಲಿಲ್ಲ. ಅದನ್ನೂ ಸಹಿಸಿದೆ. ಆದರೆ ಜನಕ್ಕೆ ಅರ್ಥವಾಗಲಿ ಎಂದು ಬರೆಯಲು ಹೊರಟವನು ಆ ಜನರನ್ನೇ ಬಿಟ್ಟು ಹೋಗಿ ಕೂತರೆ ಯಾರಿಗೆ ಹೇಳೋಣ?

ಸರಿ, ಭಾನುವಾರದ ವಿಷಯ ಕೇಳು. ನಿನ್ನ ಬದಲಿಗೆ ಪಕ್ಕದೂರಿನಿಂದ ನಿವೃತ್ತ ಪಾದ್ರಿ ಬ್ಲೆನ್‌ಕಿನ್ ಬಂದರು. ಪಾಪ, ನೆಗಡಿಯಿಂದ ಮೂಗು ಟೊಮೇಟೊ ಆಗಿತ್ತು. ಚರ್ಚು ತುಂಬಿತ್ತು. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ, ಥರ್ಜಾ ಲಾರ್ಟರ್ ಬಂದು ಕೂತಿದ್ದಳು. ಹೌದು, ಅವಳೇ. ಗಂಡ ಎಬೆನ್ ನೀರುಪಾಲಾದ ಮೇಲೆ ಚರ್ಚಿನ ಹೊಸ್ತಿಲು ತುಳಿಯದಿದ್ದವಳು. ನಾನು ಹತ್ತಿರ ಹೋದರೆ, "ಪಾದ್ರಿ ಬರ್ತೀನಿ ಅಂದಿದ್ರು. ಎಲ್ಲಿ?" ಎಂದಳು. ಕೇಂಬ್ರಿಜ್‌ನಲ್ಲಿದ್ದಾರೆ ಎಂದೆ. "ಅಲ್ಲಿ ಯಾರು ಮುಳುಗಿದ್ರು?" ಎಂದು ಮುಖ ತಿರುಗಿಸಿದಳು. ನನಗೆ ನೆಲ ಬಿರಿದು ಬಾಯಿಬಿಡಬಾರದೇ ಅನ್ನಿಸಿತು.

ಬ್ಲೆನ್‌ಕಿನ್ ಕೀರ್ತನೆ ಓದಲು ನಿಂತರು, ಎರಡು ಸಾಲು ಓದುವಷ್ಟರಲ್ಲಿ ಕೆಮ್ಮು ಶುರುವಾಯಿತು, ಗಂಟಲೇ ಕಟ್ಟಿಹೋಯಿತು. ಮುಂದಿನ ಸಾಲಿನಲ್ಲಿದ್ದ ನನ್ನತ್ತ ಕೈ ಬೀಸಿ, "ನೀವೇ ಓದೀಮ್ಮ" ಎಂದು ಉಸುರಿದರು. ಗೂಚ್‌ನ ಹುಬ್ಬು ಹಣೆ ದಾಟಿ ಮೇಲೆ ಹೋಯಿತು. ನಾನು ಹೋದೆ. ಹಳೆಯ ದೊಡ್ಡ ಬೈಬಲ್ ಎದುರಿಗೇ ತೆರೆದಿತ್ತು. ಆದರೂ ಕೈಚೀಲದಿಂದ ನಿನ್ನ ಹಾಳೆ ತೆಗೆದೆ. ಭಕ್ತಿಯಿಂದಲ್ಲ, ನಿಜ ಹೇಳುತ್ತೇನೆ, ನಿನ್ನ ಮೇಲಿನ ಸಿಟ್ಟಿನಿಂದ. ಇಷ್ಟು ಒದ್ದಾಡಿ ಏನು ಕಡಿದು ಕಟ್ಟೆ ಹಾಕಿದ್ದಾನೆ, ಊರವರೇ ಕೇಳಲಿ ಎಂದು. 'ದೇವರೇ ಕಾಪಾಡು, ನೀರು ಕುತ್ತಿಗೆಗೆ ಬಂತು' ಎಂದು ಓದಿದೆ. ಕೆಸರಿನಲ್ಲಿ ಕಾಲು ಊರುತ್ತಿಲ್ಲ ಎಂಬಲ್ಲಿಗೆ ಬರುವಾಗ ಹಿಂದೆ ಬೆಂಚು ಸರಿದ ಸದ್ದು. ಥರ್ಜಾ ಎದ್ದು ನಿಂತಿದ್ದಳು.

"ಕುತ್ತಿಗೆ," ಎಂದಳು. "ಹೌದು. ಕುತ್ತಿಗೆಗೇ ಬಂದಿತ್ತು."

ಅವಳು ಯಾರನ್ನೂ ನೋಡದೆ ಹೇಳತೊಡಗಿದಳು. ನೀರು ನುಗ್ಗಿದಾಗ ಎಬೆನ್ ಅವಳನ್ನು ಎತ್ತಿ ಅಟ್ಟದ ಕಿಂಡಿಗೆ ತಳ್ಳಿದನಂತೆ. ಅವನ ಮೈ ಆ ಕಿಂಡಿಯಲ್ಲಿ ಹಿಡಿಯದು, ನಿನಗೆ ಗೊತ್ತಲ್ಲ ಎಂಥ ಆಳು. ಕೆಳಗೇ ನಿಂತ. ಅವಳು ಮೇಲಿನಿಂದ ಅವನ ಕೈ ಹಿಡಿದಿದ್ದಳು. "ಸೊಂಟಕ್ಕೆ ಬಂತು, ಎದೆಗೆ ಬಂತು. ಕುತ್ತಿಗೆಗೆ ಬಂದಾಗ ನನ್ನ ನೋಡಿ ನಕ್ಕ. 'ಏನೇ, ನಾಳೆ ನೆಲ ಒರೆಸೋ ಕೆಲಸ ನಿಂಗೆ ತಪ್ತು' ಅಂದ. ಆಮೇಲೆ ಗೋಡೆ ಬಿತ್ತು. ಬಿಡಲಿಲ್ಲ ನಾನು. ಕೈ ಬಿಡಲಿಲ್ಲ. ಅದೇ ಹೋಯ್ತು." ಇಷ್ಟನ್ನು ಅವಳು ಒಂದು ವರ್ಷ ಯಾರಿಗೂ ಹೇಳಿರಲಿಲ್ಲ, ಕ್ರಿಸ್ಪಿನ್. ಹೆತ್ತ ತಾಯಿಗೂ ಹೇಳಿರಲಿಲ್ಲ. ಹೇಳಿ ಮುಗಿಸಿ, "ಮುಂದೆ ಓದಿ, ಅಮ್ಮಾವ್ರೇ," ಎಂದು ಕೂತಳು. ಹೇಗೆ ಓದಿದೆನೋ ಕಾಣೆ. ನಿನ್ನ ಅಕ್ಷರವೇ ಸರಿಯಾಗಿ ಕಾಣದು, ಆಗಂತೂ ಪೂರ್ತಿ ಮಂಜು. ಆಚೆ ಬಂದ ಮೇಲೆ ಗೂಚ್ ಕನ್ನಡಕ ಒರೆಸುತ್ತ, "ಓದಿದ್ದು ಹೆಂಗಸು ಅಂತ ಬಿಷಪ್ಪರಿಗೆ ತಿಳೀಬಾರ್ದು, ಅಷ್ಟೇ" ಎಂದ. ನಿನ್ನ ಅನುವಾದದ ಭಾಷೆಗೆ ಸದಾ ಕೊಂಕು ತೆಗೆಯುವವನು ಮೊದಲ ಸಲ ಅದರ ತಂಟೆಗೆ ಹೋಗಲಿಲ್ಲ.

ಒಂದು ಮಾತು, ಕೋಪಿಸಿಕೊಳ್ಳಬೇಡ. ನಿನ್ನನ್ನು ಕೇಂಬ್ರಿಜ್‌ನಲ್ಲಿ ಹಿಡಿದಿಟ್ಟಿರುವುದು ಹೀಬ್ರೂ ಅಲ್ಲ. ಶವಸಂಸ್ಕಾರಗಳ ವಾರದಲ್ಲಿ ಥರ್ಜಾ ತನ್ನ ಬಾಗಿಲಲ್ಲಿ, "ನಿಮ್ಮ ದೇವ್ರು ಆವತ್ತು ಎಲ್ಲಿದ್ದ?" ಎಂದು ಕೇಳಿದಳು. ನೀನು ಗಾಬರಿಯಲ್ಲಿ ಯಾವುದೋ ವಾಕ್ಯ ಒಪ್ಪಿಸಿದೆ, ಅವಳು ಕದ ಹಾಕಿಕೊಂಡಳು. ಆ ಕದದ ಸದ್ದಿಗೆ ಹೆದರಿ ಓಡಿದವನು ನೀನು. ಮಂಡಳಿಯ ಕರೆ ನೆಪ ಮಾತ್ರ. ಉತ್ತರ ಗೊತ್ತಿಲ್ಲ ಎಂದರೆ ಪಾದ್ರಿಯ ನಿಲುವಂಗಿ ಕಳಚಿಬೀಳುತ್ತದೆಯೇ? ಅಮ್ಮನಿಗೂ ಗೊತ್ತಿರಲಿಲ್ಲ, ಅಪ್ಪ ಸತ್ತಾಗ ಪಕ್ಕದಲ್ಲಿ ಕೂತಿದ್ದಳು, ಅಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಆ ಪಂಡಿತರಿಗೆಲ್ಲ ನನ್ನ ನಮಸ್ಕಾರ ತಿಳಿಸು, ಕುತ್ತಿಗೆ ಬೇಡವೆಂದವರಿಗೆ ತುಸು ಕಡಿಮೆ. ದೇವರು ನಿನ್ನನ್ನು ಕಾಯಲಿ. ಅದೆಂಥ ಕಷ್ಟದ ಕೆಲಸವೆಂದು ಅವನನ್ನು ಬಿಟ್ಟರೆ ನನಗೇ ಗೊತ್ತು.

ನಿನ್ನ ಅಕ್ಕ,
ಹೆಸ್ಟರ್

ಮರೆತಿದ್ದೆ, ಅಂಚೆಯವನು ಗೇಟಿನಲ್ಲೇ ನಿಂತಿದ್ದಾನೆ: ಕೀರ್ತನೆಯ ಹಾಳೆ ನನ್ನ ಬಳಿ ಇಲ್ಲ, ಟೈಪೂ ಮಾಡಿಲ್ಲ. ಭಾನುವಾರ ಥರ್ಜಾ ಕೈ ಚಾಚಿದಳು, ಕೊಟ್ಟುಬಿಟ್ಟೆ. ಇವತ್ತು ಹೋಗಿ, ನಿನಗೆ ತುರ್ತಾಗಿ ಬೇಕಂತೆ ಎಂದು ಕೇಳಿದೆ. "ಕೊಡ್ತೀನಿ. ಆದ್ರೆ ಅವ್ರೇ ಬರ್ಲಿ. ವಾಕ್ಯ ಗೀಕ್ಯ ಹೇಳೋದು ಬೇಡ, ಸುಮ್ನೆ ಕೂತ್ಕೊಂಡು ಎಬೆನ್ ವಿಷ್ಯ ಕೇಳಿಸ್ಕೊಳ್ಲಿ, ಟೀ ಮಾಡಿಕೊಡ್ತೀನಿ" ಎಂದಳು. ಶನಿವಾರ ಬೆಳಗಿನ ರೈಲು ಹಿಡಿ.