ಬಾಗಿಲಲ್ಲಿ ಹೇಳಿದ ತಾರೀಖು

ನವೆಂಬರ್ 1, ಬೆಳಗ್ಗೆ

ಮೆಷಿನ್‌ಗೆ ಎಣ್ಣೆ ಬಿಟ್ಟೆ. ಹೊಲಿಯುವುದಕ್ಕೆ ಏನೂ ಇಲ್ಲ, ಆದರೂ ಬಿಟ್ಟೆ. ತಿಂಗಳ ಒಂದನೇ ತಾರೀಖು ಎಣ್ಣೆ — ನಲವತ್ತು ವರ್ಷದ ಅಭ್ಯಾಸ. ಕೊನೆಯ ಎರಡು ಸ್ಕೂಲ್ ಯೂನಿಫಾರ್ಮ್ ನಿನ್ನೆಯೇ ಕೊಟ್ಟಾಯಿತು. ಡಿಸೆಂಬರಿನಲ್ಲಿ ಕಟ್ಟಡ ಒಡೆಯುತ್ತಾರೆ. ಅಂಗಡಿಯೂ ಹೋಯಿತು, ಅದರ ಹಿಂದಿನ ನನ್ನ ಕೋಣೆಯೂ ಹೋಯಿತು. ಒಂದೇ ಏಟಿಗೆ ಎರಡೂ.

ವೃದ್ಧಾಶ್ರಮದ ಮ್ಯಾನೇಜರಮ್ಮ ಮತ್ತೆ ಫೋನ್ ಮಾಡಿದ್ದರು. "ಹದಿನಾರರೊಳಗೆ ಹೇಳಿಬಿಡಿ ಅಮ್ಮ, ಒಂದೇ ಬೆಡ್ ಉಳಿದಿರೋದು." ಒಳ್ಳೆಯ ಹೆಂಗಸು. ಜಾಗ ಚೊಕ್ಕಟವಾಗಿದೆ, ಹೋಗಿ ನೋಡಿ ಬಂದಿದ್ದೇನೆ. ಎಲ್ಲ ಕೋಣೆಗೂ ಒಂದೇ ಬಣ್ಣ, ಎಲ್ಲ ಕಿಟಕಿಗೂ ಒಂದೇ ಪರದೆ. ಹೊಲಿದವರು ಅಂಚು ಸರಿಯಾಗಿ ಮಡಚಿಲ್ಲ.

ನಾಳೆ ಊರಿಗೆ ಹೊರಡುತ್ತೇನೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಹೋಗೇ ಇಲ್ಲ. ಎಂಟು ವರ್ಷ. ಬೇಸಿಗೆಯಲ್ಲಿ ತಮ್ಮನಿಗೆ ಫೋನಿನಲ್ಲಿ "ಈ ಕಟ್ಟಡ ಒಡೀತಾರಂತೆ ಕಣೋ" ಅಂದಿದ್ದೆ. "ಹೂಂ" ಅಂದ. ಅಷ್ಟೇ. ಹೋದ ತಿಂಗಳು ಅವನೇ ಫೋನ್ ಮಾಡಿದ. "ಒಂದ್ಸಲ ಬಾ ಅಕ್ಕ." ಅವನ ಪಾಲಿಗೆ ಅದು ಭಾಷಣ.

ಒಂದು ಮಾತು ಬರೆದಿಡುತ್ತೇನೆ. ತಮ್ಮನೋ, ತಮ್ಮನ ಹೆಂಡತಿಯೋ, ಊರಲ್ಲಿ ನನ್ನ ಜೊತೆ ಅಂಗಡಿ ನಡೆಸಿದ, ಎಲ್ಲರೂ ಕತ್ತರಿ ಎಂದೇ ಕರೆಯುವ ಗೆಳತಿಯೋ — ಯಾರಾದರೂ ಒಬ್ಬರು "ಇಲ್ಲೇ ಇದ್ದುಬಿಡು" ಅಂದರೆ ಇದ್ದುಬಿಡುತ್ತೇನೆ. ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ. ಯಾರೂ ಅನ್ನದಿದ್ದರೆ ಆ ಬೆಡ್ ಇದ್ದೇ ಇದೆ. ಬಾಯಿಬಿಟ್ಟು ಕೇಳುವವಳಂತೂ ನಾನಲ್ಲ.

ನವೆಂಬರ್ 3, ಮಧ್ಯಾಹ್ನ

ಕೆಡಿಸಿಬಿಟ್ಟೆ. ಬಾಗಿಲಲ್ಲೇ ಕೆಡಿಸಿಬಿಟ್ಟೆ.

ನಮ್ಮ ಮನೆಯದೊಂದು ಪದ್ಧತಿ. ಅಪ್ಪ ಲಾರಿ ಓಡಿಸುತ್ತಿದ್ದವರು. ಕಂಡವರ ಮನೆಯಲ್ಲಿ ಇಳಿದುಕೊಂಡು, ಹೊರಡುವ ಮಾತು ಎತ್ತುವುದು ಹೇಗೆ ಎಂದು ಪೇಚಾಡಿದವರು. ಹಾಗಾಗಿ ನಮ್ಮಲ್ಲಿಗೆ ಯಾರು ಬಂದರೂ ಬಾಗಿಲಲ್ಲೇ, ಚೀಲ ಇಳಿಸುವ ಮುಂಚೆಯೇ ಕೇಳುತ್ತಿದ್ದರು — "ವಾಪಸು ಯಾವಾಗ?" ಬಂದವರು ತಾರೀಖು ಹೇಳಬೇಕು. ಹೇಳಿದ ಮೇಲೆ ಆ ಮಾತು ಮುಗಿಯಿತು. ಇನ್ನೆರಡು ದಿನ ಇರಿ ಅನ್ನುವಂತಿಲ್ಲ, ಅದು ಕಾಲು ಹಿಡಿದೆಳೆದ ಹಾಗೆ. ಯಾಕೆ ಇನ್ನೂ ಹೊರಟಿಲ್ಲ ಅನ್ನುವಂತೆಯೂ ಇಲ್ಲ, ಅದು ಕತ್ತು ಹಿಡಿದು ನೂಕಿದ ಹಾಗೆ. ನೆಂಟರು ನಮ್ಮನ್ನು ಒರಟರು ಅನ್ನುತ್ತಿದ್ದರು. ಆದರೆ ಬಂದವರೆಲ್ಲ ನಮ್ಮಲ್ಲಿ ಚಿಂತೆಯಿಲ್ಲದೆ ನಿದ್ದೆ ಮಾಡುತ್ತಿದ್ದರು, ಅದಂತೂ ನಿಜ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಉತ್ತರ ಬಾಯಿಪಾಠ ಮಾಡಿದ್ದೆ. "ನೋಡೋಣಪ್ಪ, ಏನು ಅವಸರ." ಇಷ್ಟೇ. ನಗುತ್ತಾ ಹೇಳಬೇಕು.

ಬಾಗಿಲು ತೆಗೆದ. ತಲೆ ಪೂರ್ತಿ ಬೆಳ್ಳಗಾಗಿದೆ. ಹುಬ್ಬಿನ ಮೇಲೆ ಮರದ ಪುಡಿ. ಬಡಗಿಯ ಕೈ, ಒಂದು ಬೆರಳಿಗೆ ಪಟ್ಟಿ. ಕೈಯಲ್ಲಿ ಯಾವುದೋ ಬೀಗದ ಕೈ. ನನ್ನನ್ನೇ ನೋಡಿದ. ನೋಡಿ —

"ವಾಪಸು ಯಾವಾಗ ಅಕ್ಕ?"

ಹಿಂದೆ ಅವನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ನನಗೋ, ಗತಿಯಿಲ್ಲದೆ ಗಂಟುಮೂಟೆ ಕಟ್ಟಿಕೊಂಡು ಬಂದವಳು ಅಂದುಕೊಂಡಾರು ಎಂಬ ಭಯ. "ಹದಿನಾಲ್ಕಕ್ಕೆ ಕಣೋ. ಟಿಕೆಟ್ ಆಗಿದೆ. ಅಂಗಡಿ ಬಿಟ್ಟು ಎಷ್ಟು ದಿನ ಇರೋಕಾಗತ್ತೆ?"

ಟಿಕೆಟ್ಟೂ ಇಲ್ಲ, ಅಂಗಡಿಯೂ ಇಲ್ಲ. ನಾಲಿಗೆಗೆ ಮೂಳೆ ಇಲ್ಲ.

"ಸರಿ" ಅಂದ. ಬೀಗದ ಕೈ ಜೇಬಿಗೆ ಹಾಕಿಕೊಂಡ. ಚೀಲ ಎತ್ತಿಕೊಂಡು ಹೋಗಿ ರಸ್ತೆ ಕಡೆಯ ಮುಂದಿನ ಕೋಣೆಯಲ್ಲಿ ಇಟ್ಟ.

ನವೆಂಬರ್ 4

ಅವನು ಎದ್ದರೆ ಮನೆ ಪಕ್ಕದ ವರ್ಕ್‌ಶಾಪಿಗೆ. ಊಟಕ್ಕೆ ಬರುತ್ತಾನೆ, ತಟ್ಟೆ ಖಾಲಿ ಮಾಡುತ್ತಾನೆ, ಹೋಗುತ್ತಾನೆ. ಅವನ ಹೆಂಡತಿ ಇಬ್ಬರ ಮಾತೂ ಒಬ್ಬಳೇ ಆಡುತ್ತಾಳೆ. "ಅಕ್ಕ, ದಿಂಬು ಸಾಕಾ? ಅಕ್ಕ, ನೀರು ಬಿಸಿ ಇತ್ತಾ? ಅಕ್ಕ, ಇವರು ಚಿಕ್ಕವರಿದ್ದಾಗಲೂ ಹೀಗೇನಾ?"

"ಇಲ್ಲಮ್ಮ, ಆಗ ಇನ್ನೂ ಕಡಿಮೆ ಮಾತಾಡ್ತಿದ್ದ."

ನಕ್ಕಳು. ಚೆನ್ನಾಗಿದೆ ಈ ಮನೆ. ಊರಿನ ಗಾಳಿಗೂ ಒಂದು ತೂಕ ಇದೆ, ಮೈಮೇಲೆ ಹೊದಿಸಿದ ಹಾಗೆ. ಹಿಂದಿನ ಕೋಣೆಗೆ ಬೀಗ. ಏನಿದೆ ಅಂದೆ. "ಮರದ ಸಾಮಾನು" ಅಂದಳು, ಮುಖ ತಿರುಗಿಸಿ.

ನವೆಂಬರ್ 6, ಸಂಜೆ

ಆಡಿದ ಸುಳ್ಳನ್ನು ನಿಜ ಮಾಡಬೇಕಲ್ಲ. ಪೇಟೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ಹೋಗಿ ಹದಿನಾಲ್ಕನೇ ತಾರೀಖಿನ ಟಿಕೆಟ್ ಕೊಂಡೆ. ಈ ವಯಸ್ಸಿಗೆ ಕಳ್ಳರ ಹಾಗೆ ಆಚೀಚೆ ನೋಡಿಕೊಂಡು.

ಕೌಂಟರಿನಿಂದ ತಿರುಗುತ್ತೇನೆ, ಎದುರಿಗೇ ಕತ್ತರಿ! ಈಗ ಅಲ್ಲೇ ಒಂದು ಮೂಲೆಯಲ್ಲಿ ಮೆಷಿನ್ ಹಾಕಿಕೊಂಡು ಜಿಪ್ ಹಾಕಿಕೊಡುವುದು, ಪ್ಯಾಂಟ್ ಗಿಡ್ಡ ಮಾಡಿಕೊಡುವುದು. ಇಪ್ಪತ್ತೆರಡು ವರ್ಷ ಒಟ್ಟಿಗೆ ಅಂಗಡಿ ನಡೆಸಿದವರು ನಾವು. ಅವಳು ಕತ್ತರಿಸುವುದು, ನಾನು ಹೊಲಿಯುವುದು. ಅವಳಿಗೆ ಕತ್ತರಿ, ನನಗೆ ಗುಂಡುಸೂಜಿ ಅಂತ ಊರೇ ಇಟ್ಟ ಹೆಸರು. ನನ್ನ ಎತ್ತರಕ್ಕೆ ಅದು ಸರಿಯಾಗಿಯೂ ಇತ್ತು.

"ಯಾರೇ ಅದು, ಗುಂಡುಸೂಜಿನಾ? ಇನ್ನೂ ಇದೀಯಾ?"

"ನಿನ್ನ ಕಳಿಸಿಕೊಟ್ಟು ಆಮೇಲೆ ಹೋಗೋಣ ಅಂತ."

ಕನ್ನಡಕ ಮೇಲೆತ್ತಿ ಕಣ್ಣು ಒರೆಸಿಕೊಂಡಳು. ಕೈ ಹಿಡಿದು ಬಿಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು, ಬಟ್ಟೆ ನೋಡುವ ಹಾಗೆ. ಆಮೇಲೆ ಟಿಕೆಟ್ ಕಣ್ಣಿಗೆ ಬಿತ್ತು.

"ಅದೇನು ಕೈಯಲ್ಲಿ?"

ಟಿಕೆಟ್ ಸೆರಗಿನಡಿಗೆ ಸರಿಸಿದೆ.

"ಎಂಟು ವರ್ಷ ಆದ್ಮೇಲೆ ಬಂದಿದೀಯ. ನನ್ನ ಹತ್ರ ಬರೋಕೆ ಮುಂಚೆ ಕೌಂಟರಿಗೆ ಹೋದ್ಯಾ?" ಕೈ ಬಿಟ್ಟಳು. ಯಾವುದೋ ಪ್ಯಾಂಟು ಎಳೆದುಕೊಂಡು ಮೆಷಿನ್ ತುಳಿಯತೊಡಗಿದಳು. ಬಹಳ ಹೊತ್ತು ನಿಂತೆ. ಅವಳು ತಲೆ ಎತ್ತಲಿಲ್ಲ.

ನವೆಂಬರ್ 9

ಹಳೇ ಅಂಗಡಿ ಇದ್ದ ಬೀದಿಗೆ ಹೋಗಿದ್ದೆ. ಈಗ ಅಲ್ಲಿ ಮೊಬೈಲ್ ರಿಪೇರಿ. ಬಾಗಿಲಿಗೆ ಮೊದಲು ಒಂದು ಎತ್ತರದ ಮೆಟ್ಟಿಲಿತ್ತು. ತೆಗೆದು ಸಮ ಮಾಡಿದ್ದಾರೆ. ನನ್ನ ಕಾಲಿಗೆ ಯಾರೂ ಹೇಳಿರಲಿಲ್ಲ. ಇಲ್ಲದ ಮೆಟ್ಟಿಲಿಗೆ ಕಾಲೆತ್ತಿ ಮುಗ್ಗರಿಸಿದೆ. ಒಳಗಿದ್ದ ಹುಡುಗಿ ಓಡಿ ಬಂದು, "ನೋಡ್ಕೊಂಡು ಬನ್ನಿ ಅಜ್ಜಿ, ಏನೂ ಇಲ್ವಲ್ಲ ಅಲ್ಲಿ" ಅಂದಳು.

ಹೌದು. ಏನೂ ಇಲ್ಲ.

ರಿಟೈರ್ ಆದ ಪೋಸ್ಟ್‌ಮ್ಯಾನ್ ಸಿಕ್ಕಿದರು. ಗುರುತು ಹಿಡಿದು, ಹಳೇ ಮನೆ ನಂಬರು ಸಮೇತ ಹೇಳಿ, ಸಂತೋಷಪಟ್ಟು ಕೇಳಿದ್ದು — "ಎಷ್ಟು ದಿನ ಇರ್ತೀರಿ?" ಊರಿನಲ್ಲಿ ಎಲ್ಲರಿಗೂ ಇದೊಂದೇ ಪ್ರಶ್ನೆ. ತಪ್ಪು ಅವರದಲ್ಲ. ಚೀಲ ಹಿಡಿದು ಬಂದವರನ್ನು ಇನ್ನೇನು ಕೇಳುತ್ತಾರೆ?

ನವೆಂಬರ್ 11, ಮಧ್ಯಾಹ್ನ



ತಮ್ಮ ಮರ ತರಲು ಹೋಗಿದ್ದ. ಅವನ ಹೆಂಡತಿ ಬಂದು ಕೈ ಹಿಡಿದು ಹಿಂದಿನ ಕೋಣೆ ಮುಂದೆ ನಿಲ್ಲಿಸಿದಳು. "ಅಕ್ಕನಿಗೆ ಹೇಳ್ಬೇಡ ಅಂದಿದಾರೆ. ನಾನೇನೂ ಹೇಳ್ತಿಲ್ಲ. ಬಾಗಿಲು ತೆಗೀತಿದೀನಿ, ಅಷ್ಟೇ."

ಹೊಸ ಸುಣ್ಣದ ವಾಸನೆ. ಕಿಟಕಿ ಪಕ್ಕ ಹೊಲಿಗೆ ಮೆಷಿನ್ ಕೂರಿಸುವ ಮೇಜು, ಎಡಗಡೆಯಿಂದ ಬೆಳಕು. ಗೋಡೆಯ ಕಪಾಟು ನನ್ನ ಕೈಗೆ ಎಟುಕುವಷ್ಟೇ ಎತ್ತರ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಮರದ ಹಿಡಿ. ಮಂಚ ಗಿಡ್ಡ, ತಗ್ಗು. ಕೂತೆ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿದವು. ಎಪ್ಪತ್ತು ವರ್ಷದಲ್ಲಿ ಯಾರ ಮನೆಯ ಮಂಚದ ಮೇಲೂ ನನ್ನ ಕಾಲು ನೆಲ ಮುಟ್ಟಿಲ್ಲ. ಅಳತೆ ಯಾವಾಗ ತೆಗೆದ? ತೆಗೆದೇ ಇಲ್ಲ. ಕಣ್ಣಳತೆ, ಅದೂ ಎಂಟು ವರ್ಷ ಹಳೆಯದು.

"ನೀವು ಫೋನಲ್ಲಿ ಕಟ್ಟಡ ಒಡೀತಾರೆ ಅಂದ್ರಲ್ಲ, ಮಾರನೇ ದಿನವೇ ಶುರು ಮಾಡಿದ್ರು. ನೀವು ಬಂದ ದಿನ ಈ ಕೋಣೆಯ ಬೀಗದ ಕೈ ಹಿಡ್ಕೊಂಡೇ ಬಾಗಿಲು ತೆಗೆದ್ರು. ನೀವು ನೋಡಿದ್ರೆ ಹದಿನಾಲ್ಕು, ಟಿಕೆಟ್ ಆಗಿದೆ ಅಂದ್ರಿ."

"ನೀನಾದ್ರೂ ಹೇಳ್ಬಾರದಿತ್ತಾ?"

"ಹೇಳ್ದೆ ಅಕ್ಕ! 'ಬಾಗಿಲಲ್ಲಿ ಹೇಳಿ ಆಯ್ತು, ಇನ್ನು ಎತ್ತಬೇಡ' ಅಂದ್ರು. ಈ ಮನೆಗೆ ಬಂದು ಮೂವತ್ತೈದು ವರ್ಷ ಆಯ್ತು, ನಿಮ್ಮಪ್ಪನ ಈ ರೂಲು ನನಗಿನ್ನೂ ತಲೆಗೆ ಹತ್ತಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಐದನೇ ತಾರೀಖು ಒಬ್ಬರು ಮೇಷ್ಟ್ರು ರೂಮ್ ಕೇಳ್ಕೊಂಡು ಬಂದ್ರು. ಹದಿನೈದರಿಂದ ಬನ್ನಿ ಅಂತ ಮಾತು ಕೊಟ್ಬಿಟ್ರು. ಯಾಕ್ರೀ ಅಂದ್ರೆ, 'ಖಾಲಿ ಇಟ್ಕೊಂಡು ದಿನಾ ನೋಡೋಕೆ ನನ್ನ ಕೈಲಿ ಆಗಲ್ಲ' ಅಂದ್ರು."

ನಾನು ಏನು ಹೇಳಬೇಕಿತ್ತು, ಏನು ಹೇಳಿದೆ! "ಕೆಲಸ ಚೆನ್ನಾಗಿದೆ" ಅಂದೆ. ಗಿರಾಕಿಯ ಹಾಗೆ.

ನವೆಂಬರ್ 12

ಕತ್ತರಿ ಹತ್ತಿರ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋದೆ. ಎಲ್ಲಾ ಹೇಳಿದೆ — ಒಡೆಯುವ ಕಟ್ಟಡ, ಆಶ್ರಮದ ಬೆಡ್, ಕೊಂಡ ಟಿಕೆಟ್, ಹಿಂದಿನ ಕೋಣೆ, ಮೇಷ್ಟ್ರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು. ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿ ಮುಗಿಸಿ —

"ನೀನು ಕೇಳಲ್ಲ, ಅವನು ಹೇಳಲ್ಲ. ನಿಮ್ಮಪ್ಪ ಸತ್ತು ಮೂವತ್ತು ವರ್ಷ ಆಯ್ತು ಕಣೇ, ಇನ್ನೂ ಆ ಬಾಗಿಲಲ್ಲೇ ನಿಂತಿದಾರೆ. ಪಾಪ, ಒಳಗೆ ಕರೀರಿ ಅವರನ್ನ, ಕಾಲು ನೋಯ್ತಿರಬಹುದು."

ನಗು ಬಂತು, ಅಳುವೂ ಬಂತು.

"ನಾನು ಬಟ್ಟೆ ಕತ್ತರಿಸುವಾಗ ಹೊಲಿಗೆ ಒಳಗೆ ಎರಡು ಬೆರಳು ಜಾಸ್ತಿ ಬಿಡ್ತಿದ್ನೋ ಇಲ್ವೋ? ಮನುಷ್ಯ ಇದ್ದ ಹಾಗೇ ಇರಲ್ಲ, ನಾಳೆ ಬಿಚ್ಚಿ ದೊಡ್ಡದು ಮಾಡ್ಬೇಕಾಗತ್ತೆ ಅಂತ. ನಿಮ್ಮನೆಯವರು ಮಾತಲ್ಲಿ ಅಷ್ಟೂ ಬಿಡಲ್ಲ. ಅಂಚಿಗೇ ಕತ್ತರಿಸ್ತೀರ. ಆಮೇಲೆ ಬಿಗಿ ಆಯ್ತು ಅಂತ ಉಸಿರು ಕಟ್ಕೊಂಡು ಓಡಾಡ್ತೀರ."

"ನೀನೇ ಒಂದು ಮಾತು ಅವನಿಗೆ..."

"ಹೇಳಲ್ಲ. ಬೇಕು ಅನ್ನೋದು ನಿನಗೆ, ಬಾಯಿ ನಂದಾ?"

ಎದ್ದು ಬರುವಾಗ ಹಿಂದಿನಿಂದ ಕೂಗಿದಳು. "ಲೇ! ನೀನು ಹೋದ್ರೆ ಈ ಸಲ ನನಗೆ ತಿಳಿಸ್ಬೇಡ." ಬಸ್ ಸ್ಟ್ಯಾಂಡಿನ ಜನ ಎಲ್ಲ ತಿರುಗಿ ನೋಡಿದರು.

ನವೆಂಬರ್ 13, ಸಂಜೆ

ವರ್ಕ್‌ಶಾಪಿಗೆ ಹೋಗಿ ಅವನ ಎದುರು ಕೂತೆ. ಒಂದು ಗಂಟೆ. ಉಜ್ಜುತ್ತಿದ್ದ. ಮರದ ಹೊಟ್ಟು ನನ್ನ ಮಡಿಲಿಗೂ ಬಿತ್ತು.

"ಆ ಮೇಷ್ಟ್ರು ಒಳ್ಳೆಯವರೇನೋ?"

ಕೈ ನಿಂತಿತು. ಕೋಣೆ ನೋಡಿದ್ದೇನೆ ಅನ್ನುವುದು ಗೊತ್ತಾಯಿತು.

"ಹೂಂ. ಒಳ್ಳೆಯವರು."

"ಎಷ್ಟು ಎತ್ತರ ಇದಾರೆ?"

"ಆರಡಿ ಇರ್ಬೇಕು."

ಮುಂದಿನ ಮಾತೂ ಆಡಬೇಕೆಂದಿದ್ದೆ. ಆದರೆ ಅವನು ಮಾತು ಕೊಟ್ಟಿದ್ದಾನೆ. ಕೊಟ್ಟ ಮಾತಿಗೆ ತಪ್ಪಿ ಅಕ್ಕನಿಗಾಗಿ ಒಬ್ಬರ ಮುಂದೆ ತಲೆ ತಗ್ಗಿಸಲಿ ಎಂದು ಹೇಗೆ ಕೇಳಲಿ? ಹೊಟ್ಟು ಕೊಡವಿಕೊಂಡು ಎದ್ದು ಬಂದೆ. ಚೀಲ ಕಟ್ಟಿದೆ. ಅವನ ಹೆಂಡತಿ ಮಡಚಿ ಕೊಟ್ಟಳು, ಒಂದು ಮಾತೂ ಆಡದೆ. ಅವಳು ಮಾತಾಡದ್ದು ಇದೇ ಮೊದಲು.

ನವೆಂಬರ್ 14, ಬೆಳಗ್ಗೆ, ಬಸ್ ಸ್ಟ್ಯಾಂಡ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬಸ್ಸಿಗೆ ಇನ್ನೂ ಹತ್ತು ನಿಮಿಷ. ಕತ್ತರಿಯ ಮೆಷಿನ್ ಸದ್ದು ಕೇಳುತ್ತಿದೆ. ಬೇಕೆಂದೇ ನನಗೆ ಬೆನ್ನು ಹಾಕಿ ಕೂತಿದ್ದಾಳೆ.

ತಮ್ಮ ಜೊತೆಗೆ ಬಂದ. ಚೀಲ ತಂದು ಬೆಂಚಿನ ಮೇಲೆ ಇಟ್ಟ. ಈಗ, ಕೂತು ಐದು ನಿಮಿಷ ಆದ ಮೇಲೆ, ರಸ್ತೆ ನೋಡುತ್ತಾ ಹೇಳಿದ —

"ನೆನ್ನೆ ಎತ್ತರ ಕೇಳಿದ್ಯಲ್ಲ. ನೀನು ಮಲಗಿದ ಮೇಲೆ ಮೇಷ್ಟ್ರನ್ನ ಕರೆದು ಮಲಗಿಸಿ ನೋಡ್ದೆ. ಅರ್ಧ ಕಾಲು ಮಂಚದಿಂದ ಆಚೆ."

"ಅಯ್ಯೋ ಪಾಪ."

"ಮುಂದಿನ ಕೋಣೆ ಆದ್ರೂ ಪರವಾಗಿಲ್ಲ ಅಂದ್ರು ಅವರು. ರಸ್ತೆ ಹತ್ರ ಆಗತ್ತೆ ಅಂತ." ಪಟ್ಟಿ ಕಟ್ಟಿದ ಬೆರಳು ತಿರುವಿದ. "ಇಲ್ಲ ಅಂದ್ರೆ ಮಂಚ ಕುಯ್ದು, ಮರ ಸೇರಿಸಿ ಉದ್ದ ಮಾಡ್ಬೇಕು. ಒಂದ್ಸಲ ಕುಯ್ದ್ರೆ ಮತ್ತೆ ಮೊದಲಿನ ಹಾಗೆ ಆಗಲ್ಲ." ಆಮೇಲೆ, "ಉದ್ದ ಮಾಡ್ಲಾ ಅಕ್ಕ?"

ಉತ್ತರಕ್ಕೂ ನಿಲ್ಲಲಿಲ್ಲ ಅವನು. "ನೀರು ತರ್ತೀನಿ" ಎಂದು ಎದ್ದು ಹೋದ.

ನೀರು ತರಲು ಹೋದವನು ನನ್ನ ಚೀಲವನ್ನೂ ಹೊತ್ತುಕೊಂಡು ಹೋಗಿದ್ದಾನೆ.

ತನ್ನ ಅರವತ್ತಾರು ವರ್ಷದಲ್ಲಿ ಅವನು ನನ್ನನ್ನು ಇರು ಎಂದು ಕೇಳಿದ್ದು ಇದೊಂದೇ. ಅಪ್ಪನ ಪದ್ಧತಿ ಮುರಿಯದೆ, ಮೇಷ್ಟ್ರಿಗೆ ಕೊಟ್ಟ ಮಾತು ಕೆಡಿಸದೆ. ಎಷ್ಟು ದಿನ ಕೂತು ಯೋಚಿಸಿದನೋ... ಇಲ್ಲ, ಒಂದೇ ರಾತ್ರಿ. ನಾನು ಎತ್ತರ ಕೇಳಿದ್ದು ನಿನ್ನೆ ತಾನೆ?

ಬಸ್ಸು ಬಂತು. ಕಂಡಕ್ಟರು ಹೋಗುವ ಊರಿನ ಹೆಸರು ಕೂಗುತ್ತಿದ್ದಾನೆ. ಮೆಷಿನ್ ಸದ್ದು ನಿಂತಿದೆ, ಅವಳು ತಿರುಗಿ ನೋಡುತ್ತಿದ್ದಾಳೆ. ತಮ್ಮ ಅಗೋ, ಒಂದು ಕೈಯಲ್ಲಿ ನೀರು, ಹೆಗಲಿಗೆ ನನ್ನ ಚೀಲ, ಬೇಕೆಂದೇ ನಿಧಾನಕ್ಕೆ ಬರುತ್ತಿದ್ದಾನೆ. ಹತ್ತಿರ ಬಂದ ಕೂಡಲೇ ಹೇಳಿಬಿಡಬೇಕು, ಬಾಯಿಪಾಠ ಮಾಡದೆ — ಕುಯ್ಯಬೇಡ ಕಣೋ, ಮಂಚ ಇರೋ ಅಳತೆ ನನಗೆ ಸರಿಯಾಗಿ—